ಆಶೀರ್ವಾದಕ್ಕೆ ದೂರವಿಲ್ಲ, ಪಾಪಕ್ಷಮೆಗೆ ಉಂಟು

ಕಥೋಲಿಕ ಧರ್ಮಸಭೆ ಹೊಸ ಯಂತ್ರಗಳಿಗೆ ಹೆದರುತ್ತದೆ, ಜಗತ್ತೆಲ್ಲ ಒಪ್ಪಿದ ಮೇಲೆ ಕೊನೆಗೆ ತಾನೂ ಒಪ್ಪುತ್ತದೆ ಎಂಬ ಮಾತು ಹಳೆಯದು. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಗುಟೆನ್‌ಬರ್ಗನ ಬೈಬಲ್ ಇನ್ನೂ ಅಚ್ಚಿನಲ್ಲಿದ್ದ 1454–55ರ ಹೊತ್ತಿಗೇ ಮೈನ್ಜ್ ಊರಿನಲ್ಲಿ ಪಾಪದ ಶಿಕ್ಷೆಯನ್ನು ಮನ್ನಿಸುವ ಧರ್ಮಸಭೆಯ ದಂಡವಿಮೋಚನಾ ಪತ್ರಗಳು ಮುದ್ರಣಗೊಳ್ಳುತ್ತಿದ್ದವು. ಸ್ವತಃ ಮಾರ್ಕೋನಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೊದಲ್ಲಿ ಪೋಪ್ ಹನ್ನೊಂದನೆಯ ಪಯಸ್ 1931ರ ಫೆಬ್ರವರಿ 12ರಂದು ಮಾತನಾಡಿದರು. ನಮ್ಮಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಅದಾಗಿ ಐದು ವರ್ಷಕ್ಕೆ. 1995ರಲ್ಲಿ ವ್ಯಾಟಿಕನ್ನಿನ ಜಾಲತಾಣ, 2012ರ ಡಿಸೆಂಬರಿನಲ್ಲಿ ಹದಿನಾರನೆಯ ಬೆನೆಡಿಕ್ಟರ ಮೊದಲ ಟ್ವೀಟ್. ಹಾಗಾದರೆ 1559ರಿಂದ 1966ರವರೆಗೆ ನಡೆದುಬಂದ ನಿಷಿದ್ಧ ಗ್ರಂಥಗಳ ಪಟ್ಟಿಗೆ ಏನು ಹೇಳುವುದು? ಆ ಪಟ್ಟಿ ಮಾಡಿದ ಹಾನಿ ದೊಡ್ಡದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿದ್ದದ್ದು ಬರೆಯುವವರು ಯಾರು ಎಂಬ ಭಯ. ಅಚ್ಚಿನ ಮೊಳೆಗಳನ್ನು ಕಂಡರೆ ರೋಮಿಗೆ ಯಾವ ಭಯವೂ ಇರಲಿಲ್ಲ. ಆ ಪಟ್ಟಿಯೂ ಅಚ್ಚಾಗಿಯೇ ಊರೂರಿಗೆ ಹೋಗುತ್ತಿತ್ತು.

ಹೀಗಾಗಿ ಡಿಜಿಟಲ್ ಕಾಲದಲ್ಲಿ ಧರ್ಮಸಭೆ ‘ಇಲ್ಲಿಗೆ ಸಾಕು’ ಎಂದು ನಿಲ್ಲುವ ಜಾಗವನ್ನು ಅರಿಯಲು 1602ಕ್ಕೆ ಹಿಂದಿರುಗಬೇಕು. ದೂರದಲ್ಲಿರುವ ಗುರುಗಳಿಗೆ ಪತ್ರ ಬರೆದೋ ದೂತನನ್ನು ಕಳಿಸಿಯೋ ಪಾಪನಿವೇದನೆ ಮಾಡಿ, ದೂರದಿಂದಲೇ ಕ್ಷಮೆ ಪಡೆಯಬಹುದು ಎಂಬ ವಾದವನ್ನು ಪೋಪ್ ಎಂಟನೆಯ ಕ್ಲೆಮೆಂಟರು ಆ ವರ್ಷ ತಳ್ಳಿಹಾಕಿದರು. ಪತ್ರವೇನು ಹೊಸ ಮಾಧ್ಯಮವೇ? ಸಂತ ಪೌಲರು ಸಭೆಗಳನ್ನು ಬೆಳೆಸಿದ್ದೇ ಪತ್ರಗಳಿಂದ. ಬೋಧನೆ ಎಷ್ಟು ದೂರ ಬೇಕಾದರೂ ಸಾಗಲಿ, ಪಾಪಕ್ಷಮೆಯಂಥ ಸಂಸ್ಕಾರಕ್ಕೆ ಮಾತ್ರ ಗುರು, ಭಕ್ತ ಇಬ್ಬರೂ ಒಂದೆಡೆ ಇರಬೇಕು ಎಂಬ ಗೆರೆ ಆಗಲೇ ಬಿದ್ದಿತ್ತು. ಪಾಪನಿವೇದನೆಗೆ ಸಿದ್ಧಪಡಿಸುವ ಐಫೋನ್ ಆ್ಯಪ್ ಒಂದು 2011ರಲ್ಲಿ ಬಂದಾಗ, ಅದು ಸಂಸ್ಕಾರದ ಬದಲಿಯಾಗದು ಎಂದು ವ್ಯಾಟಿಕನ್ ವಕ್ತಾರರು ಹೇಳಿದ್ದು ಅದೇ ಗೆರೆಯ ಮೇಲೆ ನಿಂತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ರೇಡಿಯೊ, ಟಿ.ವಿ.ಯಲ್ಲಿ ಭಕ್ತಿಯಿಂದ ಪಾಲ್ಗೊಂಡವರಿಗೂ ಪೋಪರ ಹೆಸರಿನ ಆಶೀರ್ವಾದ ಮತ್ತು ಅದರ ಪೂರ್ಣ ದಂಡವಿಮೋಚನೆ ಸಲ್ಲುತ್ತದೆ ಎಂದು 1985ರಲ್ಲಿ ರೋಮ್ ಒಪ್ಪಿತು. ಆಶೀರ್ವಾದ ತೆರೆ ದಾಟುವುದಾದರೆ ಕ್ಷಮೆ ಏಕೆ ದಾಟಬಾರದು? ನನಗೆ ತೋರುವ ಉತ್ತರ ಇದು: ಆಶೀರ್ವಾದ ಲೋಕಕ್ಕೆಲ್ಲ ಒಟ್ಟಿಗೆ ಹೇಳುವ ಮಾತು, ಸಂಸ್ಕಾರ ನೀರು, ಎಣ್ಣೆ, ರೊಟ್ಟಿಗಳ ಮೂಲಕ, ಒಬ್ಬ ಮನುಷ್ಯನ ಎದುರಿಗೆ ನಡೆಯುವ ಕ್ರಿಯೆ. ಕೋವಿಡ್ ಹರಡಿದ 2020ರ ಮಾರ್ಚ್ ಈ ಭೇದವನ್ನು ಕಠಿಣವಾಗಿ ಪರೀಕ್ಷಿಸಿತು. 27ರ ಸಂಜೆ ಬರಿದಾದ ಸಂತ ಪೇತ್ರರ ಚೌಕದಿಂದ ಪೋಪ್ ಫ್ರಾನ್ಸಿಸ್ ಕೊಟ್ಟ ಆಶೀರ್ವಾದ ಫೋನುಗಳಲ್ಲಿ ಮನೆಮನೆಗೆ ತಲುಪಿತು. ಪ್ರಾಟೆಸ್ಟೆಂಟ್ ಸಭೆಗಳು ಕೆಲವು, ಮನೆಯ ರೊಟ್ಟಿಯನ್ನೇ ತೆರೆಯ ಮುಂದಿಟ್ಟುಕೊಂಡು ಪ್ರಭುಭೋಜನ ಆಚರಿಸಿದವು. ರೋಮ್ ಆ ದಾರಿ ಹಿಡಿಯಲಿಲ್ಲ. ಅದೇ ತಿಂಗಳು ಹೊರಡಿಸಿದ ಟಿಪ್ಪಣಿಯಲ್ಲಿ, ಸಾವಿನ ಅಂಚಿನಲ್ಲಿರುವ ಸೋಂಕಿತರಿಗೆ ಗುರುಗಳು ಆಸ್ಪತ್ರೆ ವಾರ್ಡಿನ ಬಾಗಿಲಲ್ಲಿ ನಿಂತು, ಬೇಕಾದರೆ ಧ್ವನಿವರ್ಧಕ ಬಳಸಿ, ಸಾಮೂಹಿಕ ಪಾಪಕ್ಷಮೆ ನೀಡಬಹುದೆಂದಿತು. ಬಾಗಿಲಿನಾಚೆಯ ಮೈಕ್ ಸರಿ. ಊರಾಚೆಯ ಫೋನ್‌ಗೆ ಅನುಮತಿಯಿಲ್ಲ. ಯಾರೂ ಹತ್ತಿರ ಬರಲಾಗದೆ ಪ್ರಾಣಬಿಟ್ಟವರ ಮನೆಯವರಿಗೆ ಈ ನಿಯಮ ನಿರ್ದಯವಾಗಿ ಕಂಡಿದ್ದರೆ ಅದು ಸಹಜ. ಆದರೆ ಅಂಥವರಿಗೆ, ಪಾಪನಿವೇದನೆಯ ನಿಜವಾದ ಸಂಕಲ್ಪವಿದ್ದ ಪೂರ್ಣ ಪಶ್ಚಾತ್ತಾಪವೇ ಕ್ಷಮೆ ತರುತ್ತದೆ ಎಂಬ ಹಳೆಯ ಬೋಧನೆಯನ್ನು ಅದೇ ಟಿಪ್ಪಣಿ ಎತ್ತಿ ಹೇಳಿತ್ತು. ಆ ಪಶ್ಚಾತ್ತಾಪಕ್ಕೆ ಮೈಕೂ ಬೇಡ, ಫೋನೂ ಬೇಡ.