ಹುಚ್ಚುನಾಯಿ ಕಡಿತದ ಸೂಜಿ: ಜನಪದ ಸ್ಮೃತಿ ಮತ್ತು ಪ್ರತಿಕಾಯದ ಚರಿತ್ರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಿರಿಯರಿಗೆ ಹುಚ್ಚುನಾಯಿ ಕಡಿತವೆಂದರೆ ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’. ಈ ಭಯವೂ ಅನೇಕರನ್ನು ನಾಟಿ ಔಷಧದ ಕಡೆಗೆ ಒಯ್ದಿತು. ಜನಪದ ವೈದ್ಯದ ಅಧ್ಯಯನದಲ್ಲಿ ಸೊಪ್ಪು, ಪಥ್ಯ, ಮಂತ್ರಗಳ ಜೊತೆಗೆ ಆ ಸೂಜಿಯ ಚರಿತ್ರೆಯನ್ನೂ ಪರಿಶೀಲಿಸುವುದು ಅಗತ್ಯ.

ಈ ಸ್ಮೃತಿಗೆ ಐತಿಹಾಸಿಕ ಆಧಾರವಿದೆ. ಲೂಯಿ ಪಾಶ್ಚರ್ 1885ರಲ್ಲಿ ಮನುಷ್ಯರಿಗೆ ರೇಬೀಸ್ ಲಸಿಕೆ ನೀಡಿದನು. ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ 1907ರಲ್ಲಿ ಕೂನೂರಿನಲ್ಲಿ ಆರಂಭವಾಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ವಿಧಾನವನ್ನು ಅನುಸರಿಸಿ, ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ದಶಕಗಳ ಕಾಲ ಹೊಟ್ಟೆಗೆ ಚುಚ್ಚಲಾಗುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಯಲ್ಲಿ ನಿಂತಿತು.

ಆದರೆ ಲಸಿಕೆಯಿಂದ ದೇಹದಲ್ಲಿ ಪ್ರತಿಕಾಯ ಮೂಡಲು ವಾರಕ್ಕೂ ಮಿಕ್ಕಿ ಸಮಯ ಬೇಕು. ಅಷ್ಟರಲ್ಲಿ ವೈರಾಣು ನರವನ್ನು ಹೊಕ್ಕರೆ ಅಪಾಯ. ರೋಗನಿರೋಧ ಪಡೆದ ಪ್ರಾಣಿಯ ರಕ್ತಸಾರ ಇನ್ನೊಂದು ಜೀವಿಯನ್ನು ರಕ್ಷಿಸಬಲ್ಲದೆಂದು ಬೇರಿಂಗ್ ಮತ್ತು ಕಿಟಸಾಟೊ 1890ರಲ್ಲಿ ತೋರಿಸಿದ್ದರು. 1954ರಲ್ಲಿ ಇರಾನಿನಲ್ಲಿ ಒಂದು ಹುಚ್ಚುತೋಳ 29 ಮಂದಿಯನ್ನು ಕಚ್ಚಿತು. ತಲೆಗೆ ತೀವ್ರ ಗಾಯವಾದವರಲ್ಲಿ ಲಸಿಕೆಯೊಂದನ್ನೇ ಪಡೆದ 5 ಜನರಲ್ಲಿ 3 ಮಂದಿ ಸತ್ತರು. ರಕ್ತಸಾರವನ್ನೂ ಪಡೆದ 13 ಜನರಲ್ಲಿ ಸತ್ತವನು ಒಬ್ಬನೇ.

ಕುದುರೆಯ ರಕ್ತಸಾರ ಕೆಲವರಿಗೆ ಒಗ್ಗದು. ಮನುಷ್ಯರ ರಕ್ತದಿಂದ ಪಡೆದುದು ದುಬಾರಿ, ವಿರಳ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಇಲಿಯ ಪ್ರತಿಕಾಯಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ದಾರಿ ತೆರೆದರು. ಅನಂತರ ಮಾನವ ಪ್ರತಿಕಾಯದ ವಂಶವಾಹಿಗಳನ್ನು ಹೊಂದಿದ ಇಲಿಗಳಿಗೆ ಲಸಿಕೆ ನೀಡಿ, ಅವುಗಳ ಕೋಶಗಳಲ್ಲಿ ವೈರಾಣುವನ್ನು ಹತ್ತಿಕ್ಕಬಲ್ಲ ಪ್ರತಿಕಾಯವನ್ನು ಪರೀಕ್ಷಿಸಿ ಆರಿಸಲಾಯಿತು. ಈ ಕ್ರಮದಲ್ಲಿ ರೂಪುಗೊಂಡ ರೇಬೀಸ್ ಪ್ರತಿಕಾಯವನ್ನು ಪುಣೆಯ ಸೀರಂ ಸಂಸ್ಥೆ 2017ರಲ್ಲಿ ಬಳಕೆಗೆ ತಂದಿತು.

ನಾಟಿ ಔಷಧದ ನಂಬಿಕೆಗೂ ಒಂದು ತರ್ಕವಿದೆ. ಕಚ್ಚಿದ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ; ರೋಗವು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಬಳಿಕ ತಲೆದೋರುತ್ತದೆ. ಹೀಗಾಗಿ ಬದುಕುಳಿದವರ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಲಕ್ಷಣ ಕಂಡ ಮೇಲಾದರೋ ಸಾವು ಬಹುತೇಕ ನಿಶ್ಚಿತ.

ಇಲ್ಲಿ ಭಾಷೆಯ ತೊಡಕೂ ಗಮನಾರ್ಹ. ತೋಳಿಗೆ ಕೊಡುವ ಲಸಿಕೆಯೂ ಗಾಯದ ಒಳಗೆ, ಸುತ್ತ ತುಂಬುವ ಪ್ರತಿಕಾಯವೂ ಆಡುಮಾತಿನಲ್ಲಿ ‘ಸೂಜಿ’ಯೇ. ರಕ್ತ ಬಂದ ಗಾಯಕ್ಕೆ ಎರಡೂ ಬೇಕು. ‘ಸೂಜಿ ಆಯ್ತು’ ಎಂಬ ಮಾತಿನಲ್ಲಿ ಎರಡನೆಯದು ತಪ್ಪಿಹೋದುದು ಅರಿವಿಗೇ ಬಾರದು. ಸೋಪು, ನೀರಿನಿಂದ 15 ನಿಮಿಷ ಗಾಯ ತೊಳೆಯುವುದರ ಜೊತೆಗೆ ಈ ಎರಡು ಸೂಜಿಗಳಿಗೆ ಎರಡು ಹೆಸರುಗಳನ್ನು ಜನರ ನುಡಿಯಲ್ಲೇ ಹುಡುಕಿಕೊಡುವುದು ಜಾನಪದ ಅಧ್ಯಯನದ ಹೊಣೆಯೂ ಹೌದು.