ಕಲ್ಯದ ಶಾಸನವೂ ಶ್ರಾವಕನ ಮರಣಶಾಸನವೂ

ಉಯಿಲಿಗೆ ಕನ್ನಡದಲ್ಲಿ ಮರಣಶಾಸನವೆಂಬ ಹೆಸರೂ ಉಂಟು. ಅರಸರು ಕಲ್ಲಿನಲ್ಲಿ ಕೆತ್ತಿಸಿದುದು ಶಾಸನ. ಗೃಹಸ್ಥನು ಕಾಗದದಲ್ಲಿ ಬರೆದಿಡುವುದೂ ಶಾಸನವೇ. ಬರೆಯಿಸಿದವನು ಇಲ್ಲವಾದ ಮೇಲೂ ಅವನ ಸಂಕಲ್ಪವು ನಡೆಯಬೇಕೆಂಬುದೇ ಎರಡರ ಉದ್ದೇಶ. ಸಂಕಲ್ಪವೊಂದು ಉಳಿಯಬೇಕಾದರೆ ಏನು ಬೇಕೆಂಬುದನ್ನು ತಿಳಿಯಲು ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದ ಇತಿಹಾಸವು ನೆರವಾಗುತ್ತದೆ.

ಇಂದು ಸಣ್ಣ ಗ್ರಾಮವಾಗಿರುವ ಕಲ್ಯ, ವಿಜಯನಗರದ ಕಾಲದಲ್ಲಿ ಕಲ್ಲೆಹವೆಂಬ ಪಟ್ಟಣವಾಗಿದ್ದಿತು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಭವ್ಯಜನರೊಡನೆ ಕಲ್ಲೆಹದ ಭವ್ಯರೂ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಕ್ರಿ.ಶ. 1368ರಲ್ಲಿ ಬುಕ್ಕರಾಯನು ಎರಡೂ ಸಮಯಗಳವರನ್ನು ಕೂಡಿಸಿ, ಅವುಗಳ ನಡುವೆ ಭೇದವಿಲ್ಲವೆಂದು ಸಾರಿ ರಾಜಿ ಮಾಡಿಸಿದನು. ಆ ನಿರ್ಣಯದ ಶಾಸನವು ಶ್ರವಣಬೆಳಗೊಳದಲ್ಲಿದೆ. ಅದರ ಇನ್ನೊಂದು ಪ್ರತಿ ಕಲ್ಯದಲ್ಲಿ ದೊರೆತಿದೆ.

ಈ ಶಾಸನವು ಸೌಹಾರ್ದದ ಸಾಕ್ಷಿಯೆಂದು ಪ್ರಸಿದ್ಧವಾಗಿದೆ. ಆದರೆ ಅದರ ವ್ಯವಸ್ಥೆಯೂ ಗಮನಾರ್ಹ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಕೂಡಬೇಕು. ಅದನ್ನು ಸಂಗ್ರಹಿಸುವ ಹೊಣೆ ತಿರುಮಲೆಯ ತಾತಯ್ಯನದು. ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಆಳುಗಳನ್ನು ಅದರಿಂದ ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಮುರಿದವರು ರಾಜದ್ರೋಹಿಗಳು, ಸಂಘದ್ರೋಹಿಗಳು. ಹೀಗೆ ಹಣ ಎಲ್ಲಿಂದ, ಯಾರ ಕೈಯಿಂದ, ಯಾವ ಕಾರ್ಯಕ್ಕೆ, ಮಿಕ್ಕುದು ಏತಕ್ಕೆ ಎಂಬುದೆಲ್ಲವೂ ಅಲ್ಲಿ ಸ್ಪಷ್ಟವಾಗಿದೆ. ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಯಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯಗಳು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನಿತ್ತವು. ಬರೆಹವಿದ್ದುದರಿಂದಲೇ ಅದನ್ನು ಉದ್ಧರಿಸಲು ಸಾಧ್ಯವಾಯಿತು. ಬಾಯಿಮಾತಾಗಿದ್ದರೆ ಉದ್ಧರಿಸಲು ಏನಿರುತ್ತಿತ್ತು?

ಗೃಹಸ್ಥನ ಆಸ್ತಿಯ ವಿಷಯದಲ್ಲಿಯೂ ಜೈನರಿಗೆ ತಮ್ಮದೇ ಸಂಪ್ರದಾಯವಿದ್ದಿತು. ಗಂಡುಸಂತಾನವಿಲ್ಲದೆ ಪತಿ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿಯ ಮೇಲೆ ವಿಧವೆಗೆ ಪೂರ್ಣಾಧಿಕಾರವುಂಟೆಂಬ ಜೈನರ ರೂಢಿಯನ್ನು ಪ್ರಿವಿ ಕೌನ್ಸಿಲ್ 1878ರಲ್ಲಿ ಎತ್ತಿಹಿಡಿಯಿತು. ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳನ್ನು ಆಧರಿಸಿ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ ಅವರು 1926ರಲ್ಲಿ ಜೈನ ಕಾನೂನಿನ ಗ್ರಂಥವನ್ನು ಪ್ರಕಟಿಸಿದರು. ಆದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅದಕ್ಕೆ ವಿರುದ್ಧವಾದ ಹಳೆಯ ರೂಢಿಗಳು ಅಂದಿನಿಂದ ನಿಲ್ಲಲಿಲ್ಲ.

ಇದರ ಪರಿಣಾಮವನ್ನು ಅನೇಕ ಕುಟುಂಬಗಳು ತಡವಾಗಿ ಅರಿಯುತ್ತವೆ. ಉಯಿಲಿಲ್ಲದೆ ತೀರಿಕೊಂಡ ಪುರುಷನ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ ಸಮಪಾಲು ಸಲ್ಲುತ್ತದೆ. ಮನೆಯು ಪತ್ನಿಗೇ ಉಳಿಯುವುದೆಂದು ನಂಬಿದ್ದವನ ನಂಬಿಕೆ ಅಲ್ಲಿ ನಡೆಯದು. ತನ್ನ ಕಾಲಾನಂತರ ಒಂದು ಎಕರೆ ತೋಟ ಬಸದಿಯ ನಿತ್ಯಪೂಜೆಗೆ ಸಲ್ಲಲೆಂದು ಹಬ್ಬದ ದಿನ ಹತ್ತು ಜನರೆದುರು ಹೇಳಿದ ಮಾತೂ ಉಯಿಲಾಗದು. ಅಂತಹ ಮಾತನ್ನು ನಂಬಿ ಬಸದಿಯವರು ವಾರಸುದಾರರ ಬಾಗಿಲಿಗೆ ಹೋದಾಗ ದಾನವು ಕಲಹವಾಗಿ ಪರಿಣಮಿಸುತ್ತದೆ.

ಉಯಿಲಿನ ವಿಧಿಯಾದರೋ ಸರಳ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಪ್ರಾಪ್ತವಯಸ್ಕನಾದ, ಸ್ವಸ್ಥಚಿತ್ತನಾದ ವ್ಯಕ್ತಿ ಉಯಿಲು ಬರೆಯಬಹುದು. ಆತನು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಅದನ್ನು ಕಂಡ, ಇಲ್ಲವೆ ಅದು ತನ್ನದೆಂದು ಅವನಿಂದಲೇ ಕೇಳಿದ, ಕನಿಷ್ಠ ಇಬ್ಬರು ಸಾಕ್ಷಿಗಳು ಅವನ ಸಮಕ್ಷಮದಲ್ಲಿ ಸಹಿ ಮಾಡಬೇಕು. ಛಾಪಾಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲವಾದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದು ವಿವೇಕ. ಕಲ್ಯದಲ್ಲಿಯೂ ಬೆಳಗೊಳದಲ್ಲಿಯೂ ಪ್ರತಿಯನ್ನಿಟ್ಟವರ ವಿವೇಕವೂ ಅದೇ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಅಲ್ಲಿ ಸಮಾನ ಹಕ್ಕುದಾರರು. ಬದುಕಿರುವವರೆಗೆ ಉಯಿಲನ್ನು ಬದಲಿಸಬಹುದು, ಕೊನೆಯದೇ ನಿಲ್ಲುತ್ತದೆ. ಆದುದರಿಂದ ದಿನಾಂಕ, ಆಸ್ತಿಯ ಸರ್ವೆ ನಂಬರು, ಚಕ್ಕುಬಂದಿ, ನೆರವೇರಿಸುವವನ ಹೆಸರು ಇವು ಸ್ಪಷ್ಟವಾಗಿರಬೇಕು.

ಇಬ್ಬರು ಸಾಕ್ಷಿಗಳಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಧಿಸಿದ ನಿಯಮವು ಇಂದಿಗೂ ದಾರಿದೀಪ. ಉಯಿಲು ಬರೆಯಿಸುವುದರಲ್ಲಿ ಮುಂದಾಗಿ ನಿಂತವನೇ ಅದರಿಂದ ಹೆಚ್ಚಿನ ಲಾಭ ಪಡೆದರೆ, ಆ ಸಂಶಯವನ್ನು ನಿವಾರಿಸುವ ಭಾರವು ಉಯಿಲನ್ನು ಮುಂದಿಡುವವನ ಮೇಲಿರುತ್ತದೆ ಎಂದು ಆ ನ್ಯಾಯಾಲಯವು ತಿಳಿಸಿತು. ಈ ಮಾತು ಬಸದಿಗಳ ಆಡಳಿತ ಮಂಡಲಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವೃದ್ಧ ಶ್ರಾವಕನೊಬ್ಬನು ಬಸದಿಗೆ ಆಸ್ತಿಯನ್ನು ಬರೆಯಬಯಸಿದರೆ, ಕರಡನ್ನು ಟ್ರಸ್ಟಿನವರೇ ಸಿದ್ಧಪಡಿಸುವುದು, ಟ್ರಸ್ಟಿನವರೇ ಸಾಕ್ಷಿಯಾಗುವುದು ಉಚಿತವಲ್ಲ. ಅವನು ತನ್ನ ವಕೀಲರಿಂದ ಬರೆಯಿಸಲಿ, ಮನೆಯವರಿಗೆ ತಿಳಿಸಲಿ, ನಿಷ್ಪಕ್ಷಪಾತಿಗಳು ಸಾಕ್ಷಿಯಾಗಲಿ. ಮನೆಯವರ ಕಣ್ತಪ್ಪಿಸಿ ಪಡೆದ ಭೂಮಿಯಿಂದ ನಡೆಯುವ ಅಭಿಷೇಕದಲ್ಲಿ ಅಚೌರ್ಯವ್ರತಕ್ಕೆ ಯಾವ ಸ್ಥಾನ?

ಕಾಲದ ಪ್ರಶ್ನೆಯೂ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನವನ್ನು ಕೈಗೊಳ್ಳುವವನು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ತೊರೆದು, ಸ್ವಜನ ಪರಿಜನರನ್ನು ಕ್ಷಮಿಸಿ ಕ್ಷಮೆ ಬೇಡಬೇಕೆಂದು ವಿಧಿಸಿದ್ದಾರೆ. ಆ ಹೊತ್ತಿನಲ್ಲಿ ಸರ್ವೆ ನಂಬರುಗಳ ಚಿಂತೆ ಉಳಿದಿರಬಾರದು. ಕ್ಷೀಣಿಸಿದ ದೇಹದ ಕೈಹಿಡಿದು ಹಾಕಿಸಿದ ಸಹಿಗೆ ನ್ಯಾಯಾಲಯದಲ್ಲಿ ಬಲವೂ ಕಡಿಮೆ. ಆರೋಗ್ಯವಿರುವಾಗಲೇ ಬರೆದಿಟ್ಟ ಉಯಿಲು ಪರಿಗ್ರಹ ಪರಿಮಾಣ ವ್ರತದ ಒಂದು ಅಂಗವೆಂದೇ ಭಾವಿಸಬಹುದು. ಇಷ್ಟು ತನ್ನದು, ಇದು ಇಂಥವರಿಗೆ ಎಂದು ಎಣಿಸಿ ಬರೆಯುವಾಗಲೇ ಮಮತೆಯ ಗಂಟು ಸಡಿಲವಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಇಂದು ಭೂಮಿಯ ಬೆಲೆ ಏರಿದೆ. ಅದರೊಡನೆ ಅಣ್ಣತಮ್ಮಂದಿರ ವ್ಯಾಜ್ಯಗಳ ಭಯವೂ ಏರಿದೆ. ಎರಡು ಸಮಯಗಳ ಕಲಹವನ್ನು ಒಂದು ಬರೆಹವು ಶಮನಗೊಳಿಸಿದ ನೆಲವಿದು. ಒಂದು ಮನೆಯೊಳಗಿನ ಕಲಹವನ್ನು ಹುಟ್ಟುವ ಮುನ್ನವೇ ತಡೆಯಲು ಎರಡು ಹಾಳೆ, ಒಂದು ಸಹಿ, ಇಬ್ಬರು ಸಾಕ್ಷಿಗಳು ಸಾಕು. ವಾರಸುದಾರರ ನಡುವೆ ದ್ವೇಷವನ್ನು ಬಿಟ್ಟುಹೋಗದಿರುವುದೂ ಅಹಿಂಸೆಯೇ.