ಕೇರಿಯ ವಿಳಾಸ

ಮೈಸೂರಿನ ಅಗ್ರಹಾರ ಇವತ್ತು ಒಂದು ಸರ್ಕಲ್ಲಿನ ಹೆಸರು, ಆಟೋದವರಿಗೆ ಹೇಳುವ ಗುರುತು. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಅಶೋಕಪುರಂ ಇದೆ. ಅದಕ್ಕೆ ಮೊದಲು ಆದಿಕರ್ನಾಟಕಪುರ ಅಂತ ಹೆಸರಿತ್ತು; ಅದಕ್ಕೂ ಮೊದಲು ದೊಡ್ಡ ಹೊಲಗೇರಿ. ಅಗ್ರಹಾರಕ್ಕೆ ತನ್ನ ಹೆಸರು ಬದಲಿಸಿಕೊಳ್ಳುವ ಅಗತ್ಯವೇ ಬರಲಿಲ್ಲ. ಕೇರಿ ಎರಡು ಸಲ ಬದಲಿಸಿಕೊಂಡಿತು. ದಲಿತ ಮನೆತನವೊಂದು ತನ್ನ ಹಿರಿಯರ ಮನೆ ಎಲ್ಲಿತ್ತು ಅಂತ ಹುಡುಕಲು ಹೊರಟರೆ ಈ ವ್ಯತ್ಯಾಸದಿಂದಲೇ ಶುರು ಮಾಡಬೇಕಾಗುತ್ತದೆ.

ಅಗ್ರಹಾರ ಅನ್ನುವುದು ಮೂಲತಃ ಒಂದು ದಾನಪತ್ರ. ಬಿ.ಎಲ್. ರೈಸ್ 1894 ಮತ್ತು 1898ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಶಾಸನ ಸಂಪುಟಗಳನ್ನು ತಿರುವಿ ಹಾಕಿ. ದಾನ ಪಡೆದ ಬ್ರಾಹ್ಮಣನ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆ, ಅವನಿಗೆ ಬಂದ ವೃತ್ತಿ ಎಷ್ಟು ಅನ್ನೋದೆಲ್ಲ ತಾಮ್ರಪಟಗಳಲ್ಲಿ ಸಾಲಾಗಿ ಸಿಗುತ್ತದೆ. ಭೂಮಿಯ ಎಲ್ಲೆ ಹೇಳುವಾಗ ಕೆರೆ, ಕಲ್ಲು, ಮರಗಳೂ ಬರುತ್ತವೆ. ಆ ಗದ್ದೆಯನ್ನು ಉತ್ತವರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಮರಕ್ಕಿರುವ ಜಾಗ ಆಳಿಗಿಲ್ಲ. ಒಬ್ಬರಿಗೆ ವಿಳಾಸ ಕೊಟ್ಟ ಬರಹವೇ ಇನ್ನೊಬ್ಬರನ್ನು ವಿಳಾಸವಿಲ್ಲದವರನ್ನಾಗಿ ಮಾಡಿತು.

ಒಕ್ಕಲು ಮನೆತನಗಳಿಗೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರಿದ್ದರು. ಇನ್ನು ಪ್ರಭುತ್ವ ಮಾಡಿದ ಜನಗಣತಿಯಲ್ಲಿ ನಾವು ಸಿಗುತ್ತೇವಾ? ಸಿಗುತ್ತೇವೆ, ಆದರೆ ಬರೀ ಸಂಖ್ಯೆಯಾಗಿ. ಮನೆಮನೆಯ ಪಟ್ಟಿಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳುವ ಪದ್ಧತಿ ಇರಲಿಲ್ಲ. ನಗರದ ಕಥೆಯೂ ಸುಲಭವಲ್ಲ. 1890ರ ದಶಕದ ಕೊನೆಯಲ್ಲಿ ಪ್ಲೇಗು ಬಂತು, 1903ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಬಂತು, ಇಕ್ಕಟ್ಟಾದ ಬೀದಿಗಳು ಒಡೆದು ಹೊಸ ಬಡಾವಣೆಗಳೆದ್ದವು. ಹಳೆಯ ಕಾಗದದಲ್ಲಿ ಮನೆ ಹುಡುಕುವವರಿಗೆ ಇವತ್ತಿನ ಕ್ರಾಸು, ಮೈನುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಕೋಟೆ, ದೇವರಾಜ, ಲಷ್ಕರ್, ಮಂಡಿ, ನಜರ್‌ಬಾದ್ ಅನ್ನುವ ಮೊಹಲ್ಲಾ ಗೊತ್ತಿರಬೇಕು.

ಹಾಗಾದರೆ ನಮ್ಮವರು ಎಲ್ಲಿ ಸಿಗುತ್ತಾರೆ? ಅವರ ದುಡಿಮೆ ದಾಖಲಾದ ಕಡೆ. ನಗರದ ಕೇರಿಗೆ ಸುತ್ತಲ ಹಳ್ಳಿಗಳಿಂದ ಬಂದು ಸೇರಿದ ಮನೆತನವಾದರೆ ಆ ಹಳ್ಳಿಯ ತೋಟಿ, ತಳವಾರ, ನೀರಗಂಟಿ ಇನಾಮ್ತಿಗಳ ಕಾಗದಗಳನ್ನು ನೋಡಬೇಕು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯ ನಂತರ ಆ ಜಮೀನುಗಳನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡುವ ಕೆಲಸ ನಡೆಯಿತು. ಅಲ್ಲಿ ಅಜ್ಜನ ಹೆಸರು, ಅವನ ಅಪ್ಪನ ಹೆಸರು ಬರೆಯಲೇಬೇಕಾಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಾಗುವಳಿ ಚೀಟಿಯ ಕಡತ, ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಪಕ್ಕದ ಜಮೀನಿನವರ ಕ್ರಯಪತ್ರದ ಚಕ್ಕುಬಂದಿಯನ್ನೂ ಬಿಡಬಾರದು. ‘ಪೂರ್ವಕ್ಕೆ ಇಂಥವನ ಹೊಲ’ ಎಂದು ನಮ್ಮ ಮುತ್ತಜ್ಜ ಬೇರೆಯವರ ಎಲ್ಲೆಯಾಗಿ ಅಲ್ಲಿ ನಿಂತಿರಬಹುದು.

ಕಾಗದಕ್ಕಿಂತ ಮೊದಲು ಕೇಳಬೇಕಾದವರು ಮನೆಯ ಅಜ್ಜಿಯರು. ಕೇರಿಗಳಲ್ಲಿ ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರಿನಿಂದ ಕರೆಯುವುದುಂಟು: ಹಿನಕಲ್‌ನವಳು, ವರುಣದವಳು. ಯಾವ ಪಹಣಿಯಲ್ಲೂ ಇಲ್ಲದ ವಿಳಾಸ ಇದು. ಗಂಡಸರ ಹೆಸರೇ ತುಂಬಿದ ವಂಶವೃಕ್ಷ ಬರೆಯುವ ನಮ್ಮ ಹುಡುಗರು ಇದನ್ನು ಬಿಟ್ಟೇಬಿಡುತ್ತಾರೆ. ಮನೆದೇವರು ಯಾವ ಊರಿಂದು, ಯಾವ ಗೌಡರ ಮನೆಗೆ ಹಳೆಮಗನಾಗಿದ್ದರು, ಯಾವ ಬಾವಿಯಿಂದ ನೀರು ತರುತ್ತಿದ್ದರು ಅಂತ ಕೇಳಿದರೆ ಊರು ತಾನಾಗಿ ಸಿಗುತ್ತದೆ.

ಇದು ಬಿಡುವಿನ ಹೊತ್ತಿನ ಹವ್ಯಾಸವಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯಿದೆಗೆ 2023ರಲ್ಲಿ ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತಾಯಿತು. ಆದರೆ ಮೂಲ ಮಂಜೂರಿದಾರ ನಮ್ಮಜ್ಜನೇ ಅಂತ ಉಪವಿಭಾಗಾಧಿಕಾರಿಯ ಮುಂದೆ ತೋರಿಸೋದು ಹೇಗೆ? 2025ರಲ್ಲಿ ಒಳಮೀಸಲಾತಿಗಾಗಿ ನಾಗಮೋಹನ್‌ದಾಸ್ ಆಯೋಗ ಸಮೀಕ್ಷೆ ಮಾಡಿದಾಗ ಆದಿ ಕರ್ನಾಟಕ, ಆದಿ ದ್ರಾವಿಡ ಅಂತಷ್ಟೇ ಬರೆಸಿಕೊಂಡು ಬಂದ ಮನೆಗಳಲ್ಲಿ ಮೂಲಜಾತಿ ಯಾವುದು ಎಂಬ ಪ್ರಶ್ನೆ ಎದ್ದಿತು. ಒಂದು ಕಡೆ ಹೊಲೆಯರು, ಇನ್ನೊಂದು ಕಡೆ ಮಾದಿಗರು ಅದೇ ಹೆಸರು ಬರೆಸಿದ್ದರು. ಅಜ್ಜ ಇದ್ದದ್ದು ಹೊಲಗೇರಿಯಲ್ಲೋ ಮಾದಿಗೇರಿಯಲ್ಲೋ ಅನ್ನುವುದೇ ಆಗ ಒಂದು ಉತ್ತರ.

ಅವಮಾನದ ಹೆಸರುಗಳನ್ನು ಮತ್ತೆ ಯಾಕೆ ಕೆದಕುತ್ತೀರಿ ಅಂತ ನಮ್ಮವರೇ ಕೆಲವರು ಕೇಳುತ್ತಾರೆ. ಅವರ ನೋವು ನಿಜವಾದದ್ದು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ಬಡಾವಣೆಗಳ ಹೆಸರು ಬದಲಿಸಲು ತೀರ್ಮಾನಿಸಿದ್ದು ಸರಿಯಾಗೇ ಇದೆ. ಬೋರ್ಡಿನ ಮೇಲೆ ಹೊಲಗೇರಿ ಅಂತ ಯಾರೂ ಬರೆಯಬೇಕಾಗಿಲ್ಲ. ಆದರೆ ಬೋರ್ಡಿನಿಂದ ತೆಗೆಯುವುದು ಬೇರೆ, ನೆನಪಿನಿಂದಲೂ ದಾಖಲೆಯಿಂದಲೂ ಅಳಿಸುವುದು ಬೇರೆ. ಎರಡನೆಯದರಿಂದ ಲಾಭ ಆಗೋದು ನಮ್ಮ ಜಮೀನು ಹಿಡಿದುಕೊಂಡವರಿಗೆ, ಇಲ್ಲಿ ಅಸ್ಪೃಶ್ಯತೆಯೇ ಇರಲಿಲ್ಲ ಅಂತ ವಾದಿಸುವವರಿಗೆ. ಅದಕ್ಕೇ ಪ್ರತಿ ಕೇರಿಯ ಯುವಕ ಯುವತಿಯರು ಒಂದು ನೋಟ್‌ಬುಕ್ ಇಟ್ಟು, ಕೇರಿಯ ಈಗಿನ ಹೆಸರು, ಹಿಂದಿನ ಹೆಸರು, ಬದಲಾದ ವರ್ಷ, ಅಲ್ಲಿದ್ದ ಮನೆತನಗಳು, ಹೆಂಗಸರ ತವರೂರುಗಳನ್ನು ಬರೆದಿಡಬೇಕು. ಹೇಳಬಲ್ಲ ಮುದುಕಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.